ಗಾಳಿ ನೋಡಿ ಹಾಕಿದ ಬೇಲಿ

ನಾವು ಪಿಂಜಾರರು. ಶಿರಾದಲ್ಲಿ ನಮ್ಮದು ಹಾಸಿಗೆ ಮಾಡುವ ಮನೆ. ನನ್ನ ಗಂಡ ಹತ್ತಿ ಹಿಂಜುತ್ತಿದ್ದರು, ಅತ್ತೆ ಮತ್ತು ನಾನು ಹೊಲಿಯುತ್ತಿದ್ದೆವು. ಐವತ್ತರ ದಶಕದ ಕೊನೆಯ ಮಾತಿದು. ಚಳಿ ಬಿತ್ತೆಂದರೆ ಸುತ್ತಲ ಹಳ್ಳಿಗಳಿಂದ ಗಾಡಿಯಲ್ಲಿ ಹತ್ತಿಯ ಮೂಟೆಗಳು ಬರುತ್ತಿದ್ದವು. ಕಡಲೆಕಾಯಿ ಕಿತ್ತು, ರಾಗಿ ಬಡಿದು ಕೈ ಬಿಡುವಾದ ರೈತರು ಮಗಳ ಮದುವೆಗೆಂದು ಹಾಸಿಗೆ, ದಿಂಬು ಮಾಡಿಸುತ್ತಿದ್ದುದು ಆಗಲೇ. ಮುಂದಿನ ಜಗಲಿಯಲ್ಲಿ ಹತ್ತಿ ಹಿಂಜುವ ಬಿಲ್ಲು ತೂಗುಹಾಕಿ ಗಂಡ ಟಂಯ್ ಟಂಯ್ ಎಂದು ಹಿಂಜತೊಡಗಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಆ ಸದ್ದಿನಿಂದಲೇ ನಮ್ಮ ಹೊಟ್ಟೆ ತುಂಬುತ್ತಿತ್ತು, ಆ ಸದ್ದಿನಿಂದಲೇ ನನ್ನ ಐದು ವರ್ಷದ ಮಗಳ ಉಸಿರು ಕಟ್ಟುತ್ತಿತ್ತು.

ಹತ್ತಿಯ ಧೂಳು ಅವಳಿಗೆ ಆಗುತ್ತಿರಲಿಲ್ಲ. ಉಬ್ಬಸ ಬಂದರೆ ಮಲಗಲಾಗದೆ, ಹೊಲಿದಿಟ್ಟ ಹಾಸಿಗೆಗಳ ಅಟ್ಟಿಗೆ ಒರಗಿ ಕೂತಿರುತ್ತಿದ್ದಳು. ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿತ್ತು. ಊರಿಗೆಲ್ಲ ಹಾಸಿಗೆ ಮಾಡಿಕೊಡುವ ಮನೆಯಲ್ಲಿ ಈ ಮಗುವೊಂದು ಕೂತೇ ನಿದ್ದೆ ಮಾಡಬೇಕಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಹತ್ತಿಯಿಂದ ದೂರ ಇಡಿ ಎಂದು ಆಸ್ಪತ್ರೆಯ ಡಾಕ್ಟರು ಹೇಳಿ ಕೈತೊಳೆದುಕೊಂಡರು. ಹಾಸಿಗೆಯವರ ಮನೆಯಲ್ಲಿ ದೂರ ಎಂದರೆ ಎಷ್ಟು ದೂರ ಎಂದು ಅವರು ಹೇಳಲಿಲ್ಲ.

ಅದನ್ನು ಅತ್ತೆ ಹೇಳಿದರು.

"ನಿಮ್ಮಮ್ಮನ ಮನೆಗೆ ಕಳ್ಸ್ಬುಡು ಕಣಮ್ಮ. ಪಾವಗಡದ ಕಡೆ ಒಣಹವೆ, ಹತ್ತಿ ಧೂಳಿಲ್ಲ ಏನಿಲ್ಲ. ಚಳಿ ಮುಗುದ್ಮೇಲೆ ಕರ್ಕೊಂಡ್ ಬಂದ್ರಾಯ್ತು."

"ಮುಂದಿನ ವರ್ಸ ಚಳಿ ಬರಾಕಿಲ್ವಾ ಅತ್ತೆ?" ಅಂದೆ.

"ಬಂದ್ರೆ ಮತ್ತೆ ಕಳ್ಸು. ಜೀವ ದೊಡ್ದೋ, ಜೊತೇಲಿರಾದ್ ದೊಡ್ದೋ?"

ಪಾವಗಡದಾಚೆ ಆಂಧ್ರದ ಗಡಿಗೆ ತಾಗಿದ ತಿರುಮಣಿಯ ಹತ್ತಿರದ ನನ್ನ ತವರಿಗೆ ಮಗಳನ್ನು ಬಿಟ್ಟುಬಂದೆ. ಬರುವಾಗ ಬಸ್ಸಿನಲ್ಲಿ ಅಳು ಬರಲಿಲ್ಲ, ಸಿಟ್ಟು ಬಂತು. ವರ್ಷಕ್ಕೆ ನಾಲ್ಕೈದು ತಿಂಗಳು ಮಗಳನ್ನು ಬೇರೆ ಊರಲ್ಲಿಟ್ಟು ನಾನು ಯಾರದೋ ಮಗಳ ಮದುವೆಯ ಹಾಸಿಗೆ ಹೊಲಿಯುತ್ತಾ ಕೂರುವವಳಲ್ಲ ಎಂದು ಶಿರಾ ಬರುವಷ್ಟರಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಕಸುಬು ಬಿಡಿ ಅನ್ನಲು ನನಗೇನು ತಲೆ ಕೆಟ್ಟಿರಲಿಲ್ಲ. ಕಸುಬು ಜಗಲಿ ಬಿಟ್ಟು ಬೇರೆ ಕಡೆ ಹೋದರೆ ಸಾಕಿತ್ತು.

ನಮ್ಮ ಮನೆಯ ಬಾಗಿಲು ಮೂಡಲಿಗೆ, ಚಳಿಗಾಲದ ಗಾಳಿ ಬೀಸುವುದೂ ಅತ್ತಲಿಂದಲೇ. ಹಿಂದೆ ಪಡುವಲಿಗೆ ಉದ್ದನೆಯ ಹಿತ್ತಲು. ಹಿತ್ತಲೆಂದರೆ ತಿಪ್ಪೆ, ಒಡೆದ ಮಡಕೆ, ಕೊನೆಯಲ್ಲಿ ಒಂದು ಬೇವಿನ ಮರ, ಅದರಾಚೆ ಕಳ್ಳಿಬೇಲಿ. ಬೇಲಿಯಾಚೆ ಓಣಿ, ಓಣಿಯಾಚೆ ಬಯಲು. ಮಾರನೆಯ ಬೆಳಿಗ್ಗೆಯೇ ಒಂದು ಹಿಡಿ ಹಿಂಜಿದ ಹತ್ತಿ ತೆಗೆದುಕೊಂಡು ಹಿತ್ತಲಿಗೆ ಇಳಿದೆ. ಮನೆಯ ಹಿಂದಿನ ಗೋಡೆಯ ಹತ್ತಿರ ನಿಂತು ಒಂದು ಎಳೆ ಬಿಟ್ಟೆ. ಅದು ಸ್ವಲ್ಪ ಮುಂದೆ ಹೋಗಿ, ಸುತ್ತಿಕೊಂಡು ಬಂದು, ನನ್ನ ತಲೆಯ ಮೇಲಿಂದ ಹಿಂಬಾಗಿಲಿನೊಳಕ್ಕೇ ಹೋಯಿತು. ಇನ್ನೂ ಹತ್ತು ಹೆಜ್ಜೆ ಹೋಗಿ ಬಿಟ್ಟೆ. ಅದೂ ವಾಪಸು ಬಂತು. ಬೇವಿನ ಮರ ದಾಟಿ ಬಿಟ್ಟದ್ದು ಮಾತ್ರ ಬೇಲಿಯ ಮೇಲೆ ಹಾರಿ ಬಯಲಿಗೆ ಹೋಯಿತು. ಆಮೇಲೆ ಎರಡು ಮೂರು ವಾರ ಇದೇ ನನ್ನ ಕೆಲಸ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಂಜು ಬಿದ್ದಾಗ, ಗಾಳಿ ಬಿರುಸಾದಾಗ. ಎಳೆ ತಿರುಗಿ ಬಾರದ ಜಾಗಕ್ಕೆಲ್ಲ ಒಂದೊಂದು ಕಲ್ಲಿಟ್ಟೆ.

"ಯಾ ಅಲ್ಲಾ! ಮಗೀನ ಕಳ್ಸಿ ಇವ್ಳಿಗೆ ತಲೆ ತಿರುಗ್ತು," ಎಂದು ಅತ್ತೆ ಗೋಡೆಯಾಚೆಯ ನೆರೆಯವಳಿಗೆ ಕೇಳುವಂತೆಯೇ ಹೇಳಿದರು.

ಗಂಡನಿಗೆ ಕಲ್ಲುಗಳನ್ನು ತೋರಿಸಿ ನನ್ನ ಲೆಕ್ಕಾಚಾರ ಹೇಳಿದೆ. ಹಿಂಜುವ ಚಪ್ಪರ ಬೇವಿನ ಮರದಾಚೆ. ಮನೆಗೂ ಚಪ್ಪರಕ್ಕೂ ನಡುವೆ ಅಡ್ಡಲಾಗಿ ಗೋರಂಟಿ ಗಿಡದ ದಟ್ಟ ಬೇಲಿ, ತಪ್ಪಿಸಿಕೊಂಡು ಬಂದ ಧೂಳು ಅದರ ಎಲೆಗೆ ಅಂಟಲಿ. ಬೇಲಿಗೆ ಬಚ್ಚಲ ನೀರು. ಅವರು ಎಲ್ಲ ಕೇಳಿ ತಲೆ ಕೆರೆದುಕೊಂಡರು.

"ಆಸಾಢದಾಗೆ ಗಾಳಿ ತಿರುಗ್ತೈತಲ್ಲೇ? ಆಗ ಎಲ್ಲಾ ಮನೆಗೇ ಬತ್ತದೆ."

"ಆಸಾಢದಾಗೆ ಮದ್ವೆ ಇರ್ತಾವಾ? ಆಗ ಹಾಸಿಗೆ ಮಾಡ್ಸೋರ್ಯಾರು?"

ಅದನ್ನು ಒಪ್ಪಿದರು. ಆದರೆ ನಿಜವಾದ ತೊಡಕು ಗಾಳಿಯದಲ್ಲ, ಗಿರಾಕಿಯದು. ಹತ್ತಿ ತಂದವರು ಅದನ್ನು ಬಿಟ್ಟು ಹೋಗುತ್ತಿರಲಿಲ್ಲ. ತಮ್ಮ ಒಳ್ಳೆಯ ಹತ್ತಿ ತೆಗೆದು ಹಳೇ ಹತ್ತಿ ತುಂಬಿಯಾರು ಎಂಬ ಅನುಮಾನಕ್ಕೆ, ಹಿಂಜಿ ಹೊಲಿಗೆ ಹಾಕುವ ತನಕ ಜಗಲಿಯೆದುರು ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಹಾಸಿಗೆಯವರು ಹಿಂಜುವುದು ಬೀದಿಗೆ ಕಾಣುವಂತೆಯೇ, ಅದು ಅವರ ಅಪ್ಪ ತಾತಂದಿರಿಂದ ಬಂದ ನಡಾವಳಿ.

"ಹಿತ್ಲಾಗೆ ಕೂತ್ರೆ ಕಳ್ತನ ಮಾಡಾಕೇ ಕೂತವ್ನೆ ಅಂತಾರೆ. ಒಬ್ನೂ ಬರಾಕಿಲ್ಲ," ಅಂದರು ಗಂಡ.

"ಅಂಗಾದ್ರೆ ಹಿತ್ಲನ್ನೇ ಮುಂಬಾಗ್ಲು ಮಾಡ್ಬುಡಾನ."

ಕಳ್ಳಿಬೇಲಿ ಕಡಿದು ಓಣಿಗೆ ದಾರಿ ಬಿಡುವುದು. ತಿಪ್ಪೆ ಎತ್ತಿ ನೆಲ ಸಾರಿಸುವುದು. ಬೇವಿನ ನೆರಳಲ್ಲಿ ಗಿರಾಕಿ ಕೂರಲು ಒಂದು ಚಪ್ಪಡಿ ಕಲ್ಲು, ಪಕ್ಕದಲ್ಲಿ ನೀರಿನ ಗಡಿಗೆ. ಗಂಡ ಹಿತ್ತಲ ಉದ್ದಕ್ಕೂ ಹೆಜ್ಜೆ ಹಾಕಿ ಅಳೆದರು. ಕೊನೆಗೆ, "ಆಗ್ಲಿ. ಆದ್ರೆ ಮುಂದಿನ ಚಳೀಲೂ ಮಗೀಗೆ ಹಿಂಗೇ ಆದ್ರೆ, ಆಮ್ಯಾಲೆ ಪಾವಗಡಾನೇ. ನೀನು ಮಾತಾಡಂಗಿಲ್ಲ," ಅಂದರು. ನಾನು ಒಪ್ಪಿಕೊಂಡೆ.

ಮಧುಗಿರಿ ಕಡೆಯ ಗಾಡಿಯವನೊಬ್ಬ ಹಾಸಿಗೆಗೆ ಬದಲಾಗಿ ಚಪ್ಪಡಿ ತಂದು ಹಾಕಿದ. ನಾನು ಬೇಲಿಗೆ ಕಾಲುವೆಯಂತೆ ಗುಂಡಿ ತೋಡಿದೆ. ಮಳೆ ಬರಲಿ ಎಂದು ಕಾಯಲು ನನಗೆ ವ್ಯವಧಾನವಿರಲಿಲ್ಲ. ನೀರು ಹಿಡಿದಿಟ್ಟುಕೊಳ್ಳಲೆಂದು ಜಗಲಿ ಗುಡಿಸಿದ ಹತ್ತಿಯ ಕಸವನ್ನೆಲ್ಲ ಗುಂಡಿಗೆ ಸುರಿದು, ಮೇಲೆ ಮಣ್ಣೆಳೆದು, ಗೋರಂಟಿ ಕಡ್ಡಿ ನೆಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಕಡ್ಡಿಗಳು ಚಿಗುರಿದವು ಕೂಡ.

ಸಂಕ್ರಾಂತಿಯ ಹೊತ್ತಿಗೆ ಮಗಳನ್ನು ನೋಡಲು ಹೋದೆ. ಅವಳು ಬಿಸಿಲಲ್ಲಿ ಓಡಿಕೊಂಡು ಬಂದಳು, ಕೆನ್ನೆ ತುಂಬಿಕೊಂಡಿತ್ತು. "ಅಮ್ಮಾ, ಎಪ್ಪುಡು ವಚ್ಚಿನಾವು?" ಎಂದು ಕೇಳಿದಳು. ಯಾವಾಗ ಬಂದೆ ಎಂದು ತೆಲುಗಿನಲ್ಲಿ! ನಮ್ಮಮ್ಮ ನಕ್ಕರು. ನಾನೂ ನಕ್ಕಂತೆ ಮಾಡಿ ಬಚ್ಚಲಿಗೆ ಹೋಗಿ ಕಣ್ಣೀರು ಹಾಕಿದೆ. ಮಗು ಚೆನ್ನಾಗಿದೆ ಎಂಬ ಸಂತೋಷಕ್ಕಿಂತ ನನ್ನನ್ನು ಬಿಟ್ಟೂ ಚೆನ್ನಾಗಿದೆ ಎಂಬ ಸಂಕಟವೇ ಹೆಚ್ಚಾಗಿತ್ತು.

ಮನೆಗೆ ಬಂದು ನೋಡಿದರೆ ಬೇಲಿ ಒಣಗಿತ್ತು. ಒಂದು ಕಡ್ಡಿ ಎಳೆದೆ, ಹಾಗೇ ಕೈಗೆ ಬಂತು. ಬುಡವೆಲ್ಲ ಗೆದ್ದಲು. ಮಣ್ಣು ಕೆದಕಿದರೆ ಹತ್ತಿಯ ಕಸದ ತುಂಬ ಅವೇ.

"ಎಷ್ಟಾದ್ರೂ ನಾವು ಹಾಸಿಗೆಯೋರು. ಗೆದ್ಲಿಗೂ ಮೆತ್ತಗೆ ಹಾಸಿಗೆ ಹಾಸ್ಕೊಟ್ಟಿದೀಯ ನೋಡು," ಅಂದರು ಅತ್ತೆ.

ಗುದ್ದಲಿ ತೆಗೆದುಕೊಂಡು ಇಡೀ ಗುಂಡಿಯನ್ನು ಮತ್ತೆ ತೋಡಿದೆ. ಕಸ ತೆಗೆದು ಸುಟ್ಟೆ. ಕೈಗೆ ಬೊಬ್ಬೆ ಬಂತು, ಸೂಜಿ ಹಿಡಿಯಲಾಗದೆ ಹೊಲಿಗೆ ಹಿಂದೆ ಬಿತ್ತು. ಮೂರನೆಯ ದಿನ ನೋಡುತ್ತೇನೆ, ಅತ್ತೆ ಒಲೆಯ ಬೂದಿಯನ್ನು ಮಂಕರಿಯಲ್ಲಿ ಹೊತ್ತು ತಂದು ಗುಂಡಿಯುದ್ದಕ್ಕೂ ಚೆಲ್ಲುತ್ತಿದ್ದಾರೆ. ಬೇವಿನ ಹಿಂಡಿಯನ್ನೂ ಎಲ್ಲಿಂದಲೋ ತಂದಿದ್ದರು. "ಸುಮ್ನೆ ನೋಡ್ತಾ ನಿಂತ್ಕೋಬ್ಯಾಡ, ಕಡ್ಡಿ ತಗಂಬಾ," ಎಂದು ಗದರಿದರು. ಮೊಮ್ಮಗಳಿಲ್ಲದ ಮನೆ ಅವರಿಗೂ ಸಾಕಾಗಿತ್ತು, ಬಾಯಿ ಬಿಟ್ಟು ಹೇಳುವ ಹೆಂಗಸಲ್ಲ ಅಷ್ಟೆ.

ಬೇಸಿಗೆಗೆ ಮಗಳು ಮನೆಗೆ ಬಂದಳು. ಮುಂಗಾರಿನ ಮಳೆಗೆ ಗೋರಂಟಿ ನನ್ನ ಸೊಂಟ ದಾಟಿತು, ಹಿಂಗಾರಿಗೆ ಇನ್ನಷ್ಟು ದಟ್ಟವಾಯಿತು. ಅದರ ಹಿಂದೆ ಗಂಡ ಒಂದು ಬಿದಿರಿನ ತಡಿಕೆಯನ್ನೂ ಕಟ್ಟಿದರು. ಹಿಂಜುವಾಗ ತೊಟ್ಟ ಬಟ್ಟೆಯಲ್ಲಿ ಯಾರೂ ಬೇಲಿ ದಾಟಿ ಮನೆಯೊಳಕ್ಕೆ ಬರಕೂಡದು, ಮೈ ತೊಳೆದು ಬಟ್ಟೆ ಬದಲಿಸಿಯೇ ಬರಬೇಕು ಎಂದು ನಾನು ಕಟ್ಟು ಮಾಡಿದೆ. ಹೊಲಿಗೆಯೂ ಚಪ್ಪರಕ್ಕೇ ಹೋಯಿತು.

ಮತ್ತೆ ಚಳಿ ಬಂತು. ಮೊದಲ ಗಿರಾಕಿ ಬರಗೂರಿನ ಕಡೆಯ ರೈತ. ಓಣಿಯಲ್ಲಿ ಮೂಟೆ ಇಳಿಸಿ, "ಇದ್ಯಾಕಪ್ಪ ಹಿತ್ಲಾಗೆ? ನನ್ ಹತ್ತಿ ನನ್ ಕಣ್ಮುಂದೇನೇ ಹಿಂಜ್ಬೇಕು," ಎಂದು ತಗಾದೆ ತೆಗೆದ. ಗಂಡ ನನ್ನ ಮುಖ ನೋಡಿದರು.

"ಅಣ್ಣಾ, ಮೊದ್ಲು ನೀನು ಬೀದೀಲಿ ಬಿಸ್ಲಾಗ್ ನಿಂತ್ಕೊಂಡ್ ನೋಡ್ತಿದ್ದೆ. ಇಲ್ಲಿ ನೆಳ್ಳಾಗೆ ಕಲ್ ಮ್ಯಾಲೆ ಕೂತ್ಕೊಂಡ್ ನೋಡು," ಅಂದೆ.

ಅವನು ಮೂಟೆಗೆ ಬೆನ್ನು ಕೊಟ್ಟು ಚಪ್ಪಡಿಯ ಮೇಲೆ ಕೂತ. ಬಿಲ್ಲು ಸದ್ದು ಮಾಡತೊಡಗಿ ಸ್ವಲ್ಪ ಹೊತ್ತಿಗೇ, ಕಾವಲಿಗೆ ಬಂದವನು ಗೊರಕೆ ಹೊಡೆಯುತ್ತಿದ್ದ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು.

ಮಧ್ಯಾಹ್ನವಾದರೂ ಬಿಲ್ಲು ನಿಲ್ಲಲಿಲ್ಲ. ನಾನು ಮೈ ತೊಳೆದು ಬಟ್ಟೆ ಬದಲಿಸಿ ಮನೆಯೊಳಗೆ ಬಂದೆ. ಮಗಳು ಎಲ್ಲೂ ಕಾಣಲಿಲ್ಲ. ಒಳಗಿನಿಂದ ಅವಳ ಉಸಿರಿನ ಸದ್ದೂ ಇಲ್ಲ. ಮಗಳು ಮನೆಯಲ್ಲಿದ್ದ ಚಳಿಗಾಲದಲ್ಲಿ ಉಬ್ಬಸದ ಆ ಸೀಟಿಯಂಥ ಸದ್ದು ಕೇಳದ ದಿನವನ್ನೇ ನಾನು ಕಂಡಿರಲಿಲ್ಲ. ಕೂಗಿಕೊಂಡು ಒಳಕೋಣೆಗೆ ಓಡಿದೆ. ಅವಳು ನೆಲದ ಹಾಸಿಗೆಯ ಮೇಲೆ ಅಂಗಾತ ಬಿದ್ದಿದ್ದಳು. ಮೂಗಿನ ಹತ್ತಿರ ಬೆರಳಿಟ್ಟೆ. ಬೆಚ್ಚಗೆ ತಾಗಿತು. ಮತ್ತೂ ನಂಬಿಕೆ ಸಾಲದೆ ಎದೆಯ ಮೇಲೆ ಕೈಯಿಟ್ಟೆ.

"ಬುಡಮ್ಮ, ನಿದ್ದೆ ಬತ್ತೈತೆ," ಎಂದು ನನ್ನ ಕೈ ತಳ್ಳಿ ಮಗ್ಗುಲಾದಳು.

ನನ್ನ ಕೂಗಿಗೆ ಬಿಲ್ಲು ನಿಂತುಹೋಗಿತ್ತು. ಹಿಂಬಾಗಿಲಿಗೆ ಬಂದು ನೋಡಿದರೆ ಗಂಡ ಗೋರಂಟಿ ಬೇಲಿಯವರೆಗೂ ಓಡಿಬಂದು, ದಾಟಲಾರದೆ, ಮೈಯೆಲ್ಲ ಹತ್ತಿ ಮೆತ್ತಿಕೊಂಡು ಅಲ್ಲೇ ನಿಂತಿದ್ದಾರೆ. ಮುಖದಲ್ಲಿ ರಕ್ತವಿರಲಿಲ್ಲ.

"ಮಲ್ಗವ್ಳೆ," ಅಂದೆ. "ಹಾಸಿಗೆ ಮ್ಯಾಲೆ ಮಲ್ಗವ್ಳೆ. ನೀವು ಹೋಗಿ ಹಿಂಜ್ರಿ."