ಅಣ್ಣನ ಪೇಟಿಯ ಬಿಗಿ ಕೀಗಳು

ನಮ್ಮ ಮನೆಯ ಹಾರ್ಮೋನಿಯಂ ಪೇಟಿ ಕೆಡಿಸಿದವನು ನಾನೇ. (ಇಲಿ ಕಡಿಯಿತು ಎಂದು ಇಷ್ಟು ದಿನ ಊರಿಗೆಲ್ಲ ಹೇಳಿಕೊಂಡು ಬಂದೆ. ಸುಳ್ಳು.)

ಅಣ್ಣ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ. ಸೋಮವಾರ ಸಂಜೆ ಮಠದ ಭಜನೆಗೆ ಅವನದೇ ಪೇಟಿ. ಹೋದ ವರ್ಷ ಮಳೆಗಾಲದ ಒಂದು ಸೋಮವಾರ ಅವನ ಬೆರಳು ತಡವರಿಸಿ, ಹಾಡು ನಡುವೆಯೇ ನಿಂತಿತು. ಜನ ತಿರುಗಿ ನೋಡಿದರು.

"ತಮ್ಮಾ, ಕೀ ಬಿಗಿ ಆಗ್ಯಾವ. ಸಡ್ಲ ಮಾಡಿ ಕೊಡು. ಇಲ್ಲಂದ್ರ ಬರೋ ಸೋಮವಾರ ಬ್ಯಾರೇದವ್ರನ್ನ ಕುಂಡ್ರಸ್ತಾರ."

ಮಳೆಗೆ ಕಟ್ಟಿಗೆ ಉಬ್ಬುತ್ತದೆ. ನಂಬದೆ ಇರುವುದು ಹೇಗೆ?

ಬಸ್ ಹತ್ತಿ ಬಾಗಲಕೋಟೆಗೆ ಹೋದೆ. ಬಿಗಿಯಾದ ಕಟ್ಟಿಗೆ ಸವೆಸಲು ಏನಾದರೂ ಕೊಡಿ ಎಂದಾಗ ಹಾರ್ಡ್‌ವೇರ್ ಅಂಗಡಿಯವರು ಮರ ಉಜ್ಜುವ ದೊಡ್ಡ ಕಾನಸು ತೆಗೆದಿಟ್ಟರು.

"ಬಾಗಲಾ ಬಿಗಿ ಆಗೈತೇನ್ರಿ?"

"ಬಾಗಲಲ್ಲರೀ, ಪೇಟಿ ಕೀ."

"ಹಂಗಾರ ಇದು ಬ್ಯಾಡ್ರಿ. ಸಂಗೀತಾನ ತಿಂದ್ ಬಿಡತೈತಿ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅರ್ಧ ಗಂಟೆ ಆರಿಸಿ ನುಣುಪಾದ ಸ್ಯಾಂಡ್‌ಪೇಪರ್, ಚೂಪು ಮೂತಿಯ ಸಣ್ಣ ಇಕ್ಕಳ ತಂದೆ.

ಒಂದೊಂದೇ ಕೀ ಬಿಚ್ಚಿ ಪಕ್ಕಗಳನ್ನು ತಿಕ್ಕಿದೆ. ಅಣ್ಣ ಒತ್ತಿ ನೋಡಿದ. "ಇನ್ನೂ ಬಿಗಿ." ಮತ್ತೆ ತಿಕ್ಕಿದೆ. "ಬಿಗಿನ ಅದಾವಲೇ." ಇಕ್ಕಳದಿಂದ ಒಳಗಿನ ಸ್ಪ್ರಿಂಗ್ ಬಗ್ಗಿಸಿ ಸಡಿಲ ಮಾಡಿದೆ. ಊದಿದರೆ ಇಳಿಯುವಷ್ಟು ಹಗುರಾದವು. ಅಣ್ಣನಿಗೆ ಆಗಲೂ ಬಿಗಿ!

"ಸಾಲಿ ಕಲ್ತಿ, ಕೈಯಾಗ ಕಸಬಿಲ್ಲ ನಿಂಗ" ಎಂದ. ಸಿಟ್ಟು ಬಂತು. (ದಿನವಿಡೀ ತಿಕ್ಕಿದವನಿಗೆ ಬರಬಾರದೇ?)

ಅಣ್ಣನ ಹೆಂಡತಿ, ನಮ್ಮ ವೈನಿ, ಚಹಾ ತಂದರು. "ಇವರಿಗೆ ಈಗೀಗ ಎಲ್ಲಾನೂ ಬಿಗಿನ ನೋಡ್ರಿ. ಅಂಗಿ ಗುಂಡಿನೂ ಬಿಗಿಯಂತ! ಮುಂಜಾನಿ ನಾನ ಹಾಕಿ ಕೊಡಬೇಕು."

ನಾವಿಬ್ಬರೂ ನಕ್ಕೆವು. ಅಣ್ಣ ನಗಲಿಲ್ಲ. ಬಲಗೈಯನ್ನು ಮೆಲ್ಲಗೆ ಧೋತರದ ಮಡಿಕೆಯೊಳಗೆ ಸೇರಿಸಿದ.

ನಾನು ಅದನ್ನು ನೋಡಿದೆ. ನೋಡಿ, ಮುಂದಿನ ಕೀಗೆ ಇಕ್ಕಳ ಹಾಕಿದೆ.

ಆ ಸೋಮವಾರ ಮಠದಲ್ಲಿ ಬೇರೆಯವರು ತಮ್ಮ ಪೇಟಿ ತಂದು ಕುಳಿತರು. ಅಣ್ಣ ಮಠದ ಕಡೆ ಹೋಗುವುದನ್ನೇ ಬಿಟ್ಟ. ದಸರೆಯ ಹೊತ್ತಿಗೆ ಅವನ ಬಲಗೈ ಪೂರ್ತಿ ಸ್ವಾಧೀನ ತಪ್ಪಿತು. ದವಾಖಾನೆಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ ಮಾತು: "ಇಷ್ಟ ದಿನ ಏನ್ ಮಾಡ್ತಿದ್ರಿ?"

ಸ್ಯಾಂಡ್‌ಪೇಪರ್ ಆರಿಸುತ್ತಿದ್ದೆ ಎನ್ನಲೇ?

ಹೋದ ತಿಂಗಳು ಅಣ್ಣ ತೀರಿಕೊಂಡ. ಪೇಟಿ ನನ್ನ ಹತ್ತಿರ ಇದೆ. ಗಾಳಿ ಹಾಕಿದರೆ ಸಾಕು, ಯಾರೂ ಒತ್ತದೆಯೇ ಒಂದು ಸ್ವರ ಹೊರಡುತ್ತದೆ. ನಿಲ್ಲಿಸಲು ಬರುವುದಿಲ್ಲ. ಅಷ್ಟು ಸಡಿಲ ಮಾಡಿಟ್ಟಿದ್ದೇನೆ.

ಇದನ್ನು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಹನ್ನೆರಡನೇ ವಯಸ್ಸಿಗೆ ಶಾಲೆ ಸೇರಿದವನು ನಾನು. ಮಗ್ಗದಿಂದ ಎದ್ದು ಬಂದು, ಪಾಟಿಯ ಮೇಲೆ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವನು ಅಣ್ಣ.

ಪೇಟಿಯ ಒಂದೊಂದು ಕೀಯನ್ನೂ ಹಿಡಿದು ನೋಡಿದ ನಾನು, ಅವನ ಕೈಯನ್ನು ಒಮ್ಮೆಯಾದರೂ ಹಿಡಿದು ನೋಡಲಿಲ್ಲವೇಕೆ?