ಮುಖ್ಯ ಪ್ರಶ್ನೆಗಳು

ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವನು ನಾನು. ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳ ಪುಸ್ತಕ ಇಸಿದುಕೊಂಡು, ಬರಬಹುದಾದ ಪ್ರಶ್ನೆಗಳ ಪಕ್ಕ ಕೆಂಪು ಪೆನ್ನಿನಲ್ಲಿ ‘ಮುಖ್ಯ’ ಎಂದು ಬರೆದುಕೊಡುತ್ತಿದ್ದೆ. ‘ಸರ್ ಮುಖ್ಯ ಅಂದ್ರೆ ಬಂದಂಗೇ’ ಎಂದು ದಾವಣಗೆರೆಯ ಅರ್ಧ ಊರು ಹೇಳುತ್ತಿತ್ತು. ಇನ್ನರ್ಧಕ್ಕೆ ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ನಿವೃತ್ತನಾದ ಮೇಲೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಆನಗೋಡಿನ ಹೆಣ್ಣುಮಗಳೊಬ್ಬಳು ಪಾಠಕ್ಕೆ ಬಂದಳು. ಹಾಸ್ಟೆಲೊಂದರಲ್ಲಿ ಅಡುಗೆಯವಳು, ವಯಸ್ಸು ನಲವತ್ತರ ಹತ್ತಿರ. ಹತ್ತನೇ ತರಗತಿ ಪಾಸಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಿದ್ದರು. ಉಳಿದ ವಿಷಯವೆಲ್ಲ ದಾಟಿದ್ದಳು, ಸಮಾಜವೊಂದೇ ಬಾಕಿ.

ಅವಳ ಪುಸ್ತಕದ ಮೇಲೂ ಕೆಂಪು ಪೆನ್ನು ಆಡಿಸಿದೆ. ಅವಳೋ, ಮೊದಲ ಪುಟದಿಂದ ಓದತೊಡಗಿದಳು! ನನಗೆ ರೇಗಿತು.

“ಮುಖ್ಯ ಅಂದರೇನು ಗೊತ್ತೇನಮ್ಮ? ಮುಖದಿಂದ ಬಂದ ಮಾತು ಅದು. ಎಲ್ಲಕ್ಕಿಂತ ಮುಂದಿರೋದು. ಅದಷ್ಟು ಓದು, ಸಾಕು.”

“ಮುಖ ಒಂದಿದ್ರೆ ಸಾಕೇನ್ರಿ ಸರ್? ಕೈಕಾಲು ಬ್ಯಾಡೇನು?” ಎಂದು ನಕ್ಕು ಪುಟ ತಿರುವಿದಳು. “ನಿಮ್ಮವು ಎರಡು ಸಲ ಓದ್ತೀನಿ, ಸಿಟ್ಟಾಗಬ್ಯಾಡ್ರಿ.”

ಬೆಳಗಿನ ಉಪ್ಪಿಟ್ಟು ಇಳಿಸಿ, ಮಧ್ಯಾಹ್ನದ ಅನ್ನಕ್ಕೆ ಇಡುವುದರೊಳಗೆ ಒಂದು ಪಾಠ. ಸಂಜೆ ಆನಗೋಡಿನ ಬಸ್ಸಿನಲ್ಲಿ ನಿಂತುಕೊಂಡೇ ಇನ್ನೊಂದು. ಎಂಥ ಗಟ್ಟಿಗಿತ್ತಿ! ಅಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ನಾನು ಸರ್ವೀಸಿನಲ್ಲಿ ಕಂಡಿರಲಿಲ್ಲ.

ಪರೀಕ್ಷೆ ಹರಿಹರದಲ್ಲಿ. ಜೊತೆಗೆ ಹೋದೆ, ನನ್ನ ಗುರುತುಗಳ ಪವಾಡ ನೋಡುವ ಚಪಲ ಬೇರೆ. ಗೇಟಿನೆದುರು ಚಹಾದ ಮೇಲೆ ಚಹಾ ಕುಡಿದು ಕೂತೆ. ಹೊರಗೆ ಬಂದವಳ ಕೈಯಿಂದ ಪ್ರಶ್ನೆಪತ್ರಿಕೆ ಕಿತ್ತುಕೊಂಡು ಮೇಲಿಂದ ಕೆಳಗೆ ನೋಡಿದೆ. ನಾನು ‘ಮುಖ್ಯ’ ಎಂದು ಬರೆದಿದ್ದರಲ್ಲಿ ಬಂದದ್ದು ಎರಡೇ ಎರಡು. ಹಾಳೆ ತಿರುವಿ ಮತ್ತೊಮ್ಮೆ ಎಣಿಸಿದೆ.

“ಎಲ್ಲಾ ಬರ್ದೀನ್ರಿ ಸರ್,” ಎಂದಳು. ನನ್ನನ್ನೊಮ್ಮೆ ನೋಡಿ, “ನಿಮ್ಮವೂ ಎರಡು ಬಂದಾವಲ್ಲ, ಯಾಕ ಬೇಜಾರು?” ಎಂದು ಸಮಾಧಾನ ಬೇರೆ ಮಾಡಿದಳು.

ಪಾಸಾದಳು, ಕೆಲಸವೂ ಕಾಯಂ ಆಯಿತು. ಪೇಢೆ ಹಿಡಿದು ಬಂದು ಕಾಲಿಗೆ ಬಗ್ಗಿದಾಗ ನಾಚಿಕೆಯಿಂದ ಹಿಂದೆ ಸರಿದು ನಾನೇ ಕೈ ಮುಗಿದೆ. ಅವಳು ನನ್ನ ಮಾತು ಮೀರಿ ಪಾಸಾದವಳು. ನನ್ನ ಮಾತು ನಂಬಿ, ಅಷ್ಟನ್ನೇ ಓದಿ ಫೇಲಾದ ಮಕ್ಕಳೂ ಇದ್ದರು. ದಡ್ಡರೆಂದು ಅವರನ್ನು ಬೈದು ಕಳಿಸಿದ್ದೆ.