ಅನುಮಾನಕ್ಕೆ ಹೊಲಿದ ದೋಣಿ

ಪ್ಲೈವುಡ್ ತುಂಡನ್ನು ಸ್ನಾನದ ಹಂಡೆಗೆ ಹಾಕಿ ಬೇಯಿಸಿದವಳು ಕ್ಯಾಲನೂರಿನ ಸುತ್ತಮುತ್ತ ನಾನೊಬ್ಬಳೇ ಇರಬೇಕು. ಕೋಲಾರದ ಅಂಗಡಿಯವನು, "ಇದು ನೀರಲ್ಲೇ ಬಿದ್ದಿದ್ರೂ ಏನಾಗಲ್ಲಮ್ಮ, ಗ್ಯಾರಂಟಿ" ಅಂದಿದ್ದ. ಗ್ಯಾರಂಟಿ ಅನ್ನುವ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಅವನು ಕೊಟ್ಟ ಸ್ಯಾಂಪಲ್ ತುಂಡನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುದಿಸಿದೆ. ಪದರ ಬಿಡಲಿಲ್ಲ. ಆದರೆ ಸ್ಯಾಂಪಲ್ಲಿಗೆ ಒಳ್ಳೆಯದು ಕೊಟ್ಟು ಮನೆಗೆ ಬೇರೆ ಕಳಿಸಬಹುದಲ್ಲ? ಹಾಳೆಗಳು ಬಂದ ಮೇಲೆ ಒಂದೊಂದರ ಮೂಲೆಯನ್ನೂ ಕೊಯ್ದು ಮತ್ತೆ ಬೇಯಿಸಿದೆ. ನಮ್ಮ ಯಜಮಾನರು ಹಂಡೆಯೊಳಗೆ ಇಣುಕಿ, "ಉಪ್ಪು ಹಾಕಿದ್ಯೇನೇ?" ಅಂದರು.

ಸ್ವಭಾವವೇ ಹಾಗೆ, ಏನು ಮಾಡಲಿ? ನಾನು ಬೆಳೆದದ್ದು ಶ್ರೀನಿವಾಸಪುರದ ಮಾವಿನ ಮಂಡಿಯ ಮಗ್ಗುಲಲ್ಲಿ. ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ಹೊಳೆಯುವ ಬಾದಾಮಿ, ಕೆಳಗಿನ ಸಾಲಿನಲ್ಲಿ ಕಪ್ಪು ಚುಕ್ಕೆಯ ಕಾಯಿ ಜೋಡಿಸುವ ಕೈಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈಗ ರವಿಕೆ ಹೊಲಿಯುತ್ತೇನೆ. ದರ್ಜಿ ಬಟ್ಟೆ ಕದಿಯುತ್ತಾಳೆ ಅಂತ ಲೋಕವೆಲ್ಲ ಅನುಮಾನ ಪಡುತ್ತದೆ. ದರ್ಜಿ ತಿರುಗಿ ಲೋಕದ ಮೇಲೆ ಪಟ್ಟರೆ ತಪ್ಪೇ?

ಹೊಲಿಗೆಯ ಜೊತೆಗೆ ಎರಡು ಹಸು ಸಾಕಿದ್ದೇನೆ. ಬೆಳಗಿನ ಹಾಲು ಕೆರೆಯಾಚೆಯ ಊರಿನ ಡೇರಿಗೆ ಹೋಗಬೇಕು. ನಾನು ಮದುವೆಯಾಗಿ ಬಂದಾಗ ಕೆರೆ ಅಂದರೆ ಬರೀ ಜಾಲಿ ಗಿಡ, ನಡುವೆ ಒಂದು ಕಾಲುದಾರಿ. ಕ್ಯಾನು ಹೊತ್ತುಕೊಂಡು ಹತ್ತು ನಿಮಿಷದಲ್ಲಿ ಆಚೆ ಸೇರುತ್ತಿದ್ದೆ. ಕೆಲವು ವರ್ಷಗಳ ಹಿಂದೆ, ಪಟ್ಟಣದ ಕೊಳಚೆಯನ್ನು ಶುದ್ಧ ಮಾಡಿದ ನೀರು ಪೈಪಿನಲ್ಲಿ ಬಂದು ಕೆರೆ ತುಂಬಿತು. ಊರವರು ಪೂಜೆ ಮಾಡಿದರು, ನಾನು ಮೂಸಿ ನೋಡಿದೆ. ಕಾಲುದಾರಿ ಮುಳುಗಿತು. ಇನ್ನು ಆಚೆಗೆ ಹೋಗಬೇಕಾದರೆ ಕೆರೆ ಏರಿ ಸುತ್ತಿಕೊಂಡು ಒಂದು ಗಂಟೆಯ ನಡಿಗೆ. ಯಜಮಾನರು ಮಾಲೂರಿನ ಕಾರ್ಖಾನೆಯೊಂದರಲ್ಲಿ ಮರದ ಪೆಟ್ಟಿಗೆ ಮಾಡುತ್ತಾರೆ. ಹಾಲು ಕರೆಯುವ ಹೊತ್ತಿಗಾಗಲೇ ಬಸ್ಸು ಹತ್ತಿರುತ್ತಾರೆ.

ಆಗ ನಮ್ಮ ಹಿಂದಿನ ಮನೆಯವಳು, "ನಾನ್ ಹೆಂಗೂ ಹೋಗ್ತೀನಲ್ಲಕ್ಕಾ, ನಿಂದೂ ಕೊಡು" ಅಂದಳು. ಮುಳಬಾಗಿಲಿನ ಆಚೆ, ಆಂಧ್ರದ ಗಡಿಯಿಂದ ಮದುವೆಯಾಗಿ ಬಂದ ಹೆಣ್ಣು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ತನ್ನ ಮೊಪೆಡ್ಡಿನ ಹಿಂದೆ ಎರಡು ಕ್ಯಾನು ಕಟ್ಟಿಕೊಂಡು ಎರಡು ವರ್ಷ ದಿನಾ ಏರಿ ಸುತ್ತಿದಳು. ಪುಕ್ಕಟೆಯಾಗಿ. ಪುಕ್ಕಟೆ ಯಾಕೆ ಅಂತ ನನಗೆ ಆಗಲೇ ಒಳಗೊಳಗೆ ಕೊರೆಯುತ್ತಿತ್ತು.

ಹೋದ ವರ್ಷ ನನ್ನ ಹಾಲಿನ ಡಿಗ್ರಿ ಇಳಿಯತೊಡಗಿತು. ಡೇರಿಯಲ್ಲಿ ಹಾಲಿಗೆ ಗಾಜಿನ ಕಡ್ಡಿ ಬಿಟ್ಟು ಗಟ್ಟಿಯೋ ತೆಳುವೋ ನೋಡುತ್ತಾರೆ. ಅದನ್ನೇ ಡಿಗ್ರಿ ಅನ್ನುವುದು. ಅವಳು ತಂದು ಕೊಡುತ್ತಿದ್ದ ಚೀಟಿಯಲ್ಲಿ ನನ್ನದು ಇಪ್ಪತ್ತಾರು, ಇಪ್ಪತ್ತೈದು, ಕೊನೆಗೆ ಇಪ್ಪತ್ನಾಲ್ಕು. ಅವಳ ಹಾಲು ಮಾತ್ರ ಇಪ್ಪತ್ತೆಂಟಕ್ಕೆ ಕದಲದೆ ನಿಂತಿತ್ತು. ಹೀಗೇ ಆದರೆ ನನ್ನ ಹಾಲು ತೆಗೆದುಕೊಳ್ಳುವುದಿಲ್ಲ ಎಂದು ಡೇರಿಯಿಂದ ಹೇಳಿ ಕಳಿಸಿದರು. ಹಾಲಿಗೆ ನೀರು ಹಾಕುವವಳು ಅನ್ನುವ ಹೆಸರು ಒಮ್ಮೆ ಬಂದರೆ ಸತ್ತರೂ ಹೋಗುವುದಿಲ್ಲ. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಅವಳು ಖಾಲಿ ಕ್ಯಾನು ತಂದಿಡುತ್ತಿದ್ದಾಗ, ನಲ್ಲಿಯ ಹತ್ತಿರ ಹತ್ತು ಜನರ ಮುಂದೆ ಕೇಳಿಯೇಬಿಟ್ಟೆ.

"ನಿಂದು ಇಪ್ಪತ್ತೆಂಟು, ನಂದು ಇಪ್ಪತ್ನಾಲ್ಕು. ಏರಿ ಮೇಲೆ ಏನೇ ಮಂತ್ರ ಹಾಕ್ತೀಯಾ? ನನ್ ಹಾಲು ನಿನ್ ಕ್ಯಾನಿಗೆ, ಕೆರೆ ನೀರು ನನ್ ಕ್ಯಾನಿಗೆ, ಅಲ್ವಾ?"

ಅವಳು ಬಿಳಿಚಿಕೊಂಡಳು. "ಅಯ್ಯೋ ದೇವುಡಾ, ನಾನಾ ಅಕ್ಕಾ?" ಅಂದಳು. ಆಮೇಲೆ ಅತ್ತಳು. "ಇನ್ಮೇಲೆ ನಿನ್ ಕ್ಯಾನ್ ಮುಟ್ಟಿದ್ರೆ ಕೇಳು" ಎಂದು ಹೇಳಿ ಒಳಗೆ ಹೋದಳು. ಕಳ್ಳಿಯ ಕಣ್ಣೀರು ಅಂದುಕೊಂಡೆ ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಅಂತ ಯಜಮಾನರಿಗೂ ಹೇಳಿದೆ.

ಮಾರನೆಯ ದಿನದಿಂದ ನಾನೇ ಕ್ಯಾನು ಹೊತ್ತು ನಡೆದೆ. ಮೂರು ದಿನ ನಡೆದೆ, ಮೂರು ದಿನವೂ ಹಾಲಿನ ಗಾಡಿ ಹೊರಟ ಮೇಲೆ ತಲುಪಿದೆ. ಡೇರಿಯ ಬಾಗಿಲಿಗೆ ಬೀಗ. ಹೊತ್ತ ಹಾಲನ್ನು ಹೊತ್ತುಕೊಂಡೇ ವಾಪಸ್ ಬಂದೆ. ಕಡೆಗೆ ಈಚೆ ದಡದ ಟೀ ಅಂಗಡಿಗೆ ಕೊಡತೊಡಗಿದೆ. ಅಲ್ಲಿ ಯಾವ ಕಡ್ಡಿಯೂ ಇಲ್ಲ, ಹಾಲು ಬಿಳಿಯಾಗಿದ್ದರೆ ಸಾಕು. ಆದರೆ ನನಗೆ ಸಾಲದು. ನನ್ನ ಹಾಲು ನನ್ನ ಕೈಯಿಂದಲೇ ಡೇರಿಗೆ ಹೋಗಬೇಕು, ಎಲ್ಲರೆದುರು ಇಪ್ಪತ್ತೆಂಟು ಬರಬೇಕು, ಅವಳು ಕಳ್ಳಿ ಎಂದು ಊರಿಗೆ ಗೊತ್ತಾಗಬೇಕು. ಬೇರೇನೂ ಬೇಕಾಗಿರಲಿಲ್ಲ.

ಆಗ ಯಜಮಾನರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾರೋ ಪ್ಲೈವುಡ್ ಪಟ್ಟಿಗಳನ್ನು ತಂತಿಯಿಂದ ಹೊಲಿದು, ಅಂಟು ಮೆತ್ತಿ, ಕಯಾಕ್ ಅನ್ನುವ ಉದ್ದನೆಯ ಒಂಟಿ ದೋಣಿ ಮಾಡುತ್ತಿದ್ದ. "ಲೇ, ಇದು ನಿನ್ ಕೆಲ್ಸಾನೇ ಕಣೇ, ರವಿಕೆ ಇದ್ದಂಗಿದೆ" ಅಂದರು. ನೋಡಿದರೆ ನಿಜ. ಚಪ್ಪಟೆ ತುಂಡುಗಳು; ಅಂಚಿನ ಬಾಗು ಸರಿಯಾಗಿ ಕತ್ತರಿಸಿದರೆ ಸಾಕು, ಹೊಲಿದಾಗ ಉಬ್ಬು ತಾನಾಗಿಯೇ ಬರುತ್ತದೆ. ಎದೆಯ ತುಂಡಿಗೂ ಪಕ್ಕದ ತುಂಡಿಗೂ ನಾನು ದಿನಾ ಮಾಡುವುದು ಅದನ್ನೇ.

ಮೊದಲು ಹಳೆಯ ಕ್ಯಾಲೆಂಡರ್ ಹಾಳೆಗಳಲ್ಲಿ ಪುಟ್ಟದೊಂದು ಕತ್ತರಿಸಿ ಹೊಲಿದು ನೋಡಿದೆ. ಆಮೇಲೆ ಪ್ಲೈವುಡ್ಡನ್ನು ಉದ್ದಕ್ಕೆ ಸೀಳಿ, ತುದಿಗೆ ತುದಿ ಅಂಟಿಸಿ, ಹನ್ನೆರಡಡಿಯ ಪಟ್ಟಿ ಮಾಡಿದೆವು. ತಳಕ್ಕೆ ಎರಡು, ಪಕ್ಕಕ್ಕೆ ಎರಡು. ಅಂಚಿನುದ್ದಕ್ಕೂ ನಾಲ್ಕು ನಾಲ್ಕು ಬೆರಳಿಗೊಂದು ತೂತು. ಹೊಲಿಯಲು ತಾಮ್ರದ ತಂತಿ ಬೇಕಿತ್ತು. ನಮ್ಮ ಕಡೆ ಅದಕ್ಕೇನು ಬರ, ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಮನೆಗೊಂದು ಬಿದ್ದಿವೆ. ತಂತಿ ಪೋಣಿಸಿ ಇಕ್ಕಳದಿಂದ ತಿರುಚುತ್ತಾ ಬಂದರೆ ಅಂಚಿಗೆ ಅಂಚು ಕೂಡುತ್ತದೆ. ಜಾಸ್ತಿ ಎಳೆದರೆ ತಂತಿ ಮರವನ್ನೇ ಕುಯ್ಯುತ್ತದೆ. ಯಜಮಾನರು ಎರಡು ಕಡೆ ಹಾಗೆ ಕುಯ್ದ ಮೇಲೆ ಇಕ್ಕಳ ಅವರ ಕೈಯಿಂದ ಕಿತ್ತುಕೊಂಡೆ. ನಾಲ್ಕು ಪಟ್ಟಿ ಸೇರಿ ದೋಣಿಯ ಹೊಟ್ಟೆ ಎದ್ದು ನಿಂತ ದಿನ ನಿಜವಾಗಿಯೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಖುಷಿ ಅಂಟಿನವರೆಗೆ ಮಾತ್ರ. ಎಪಾಕ್ಸಿ ಎಂಬುದು ಎರಡು ಡಬ್ಬಿಯಲ್ಲಿ ಬರುತ್ತದೆ, ಬೆರೆಸಿದರೆ ಗಟ್ಟಿಯಾಗುತ್ತದೆ. ಯಜಮಾನರು ಒಂದು ಚೊಂಬಿನ ತುಂಬ ಒಟ್ಟಿಗೇ ಬೆರೆಸಿದರು. ಚೊಂಬು ಕೈಸುಡುವಷ್ಟು ಕಾದು ಹೊಗೆ ಬಂತು, ಅಂಟು ಕಲ್ಲಾಯಿತು. ಮೋಸದ ಮಾಲು ಎಂದು ಅಂಗಡಿಯವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಅಮ್ಮಾ, ಡಬ್ಬಿ ಮೇಲೆ ಓದಿದ್ರಾ? ಸ್ವಲ್ಪ ಸ್ವಲ್ಪಾನೇ ಕಲಸಬೇಕು" ಅಂದ. ಓದಿರಲಿಲ್ಲ. ಫೋನು ಇಟ್ಟೆ. ಆಮೇಲೆ ಲೋಟದಲ್ಲಿ ಸ್ವಲ್ಪವೇ ಕಲಸಿ, ಮರದ ಪುಡಿ ಸೇರಿಸಿ ಗೊಜ್ಜಿನ ಹದಕ್ಕೆ ತಂದು, ಹೊಲಿಗೆಯುದ್ದಕ್ಕೂ ಚಮಚದ ಬೆನ್ನಿನಿಂದ ಮೆತ್ತಿದೆ. ಒಣಗಿದ ಮೇಲೆ ತಂತಿ ಕತ್ತರಿಸಿ ತೆಗೆದು, ಮುಳಬಾಗಿಲಿನ ಹೆದ್ದಾರಿಯ ಲಾರಿ ಬಾಡಿ ಕಟ್ಟುವವರ ಹತ್ತಿರ ತಂದ ಗಾಜಿನ ನಾರಿನ ಬಟ್ಟೆಯನ್ನು ಒಳಗೂ ಹೊರಗೂ ಅಂಟಿಸಿದೆವು.

ಊರು ಸುಮ್ಮನಿರುತ್ತದೆಯೇ? ಮೀನು ಕದಿಯಲು ದೋಣಿ ಎಂದರು. ಕೆರೆಯ ಮೀನಿನ ಗುತ್ತಿಗೆಯವರ ಕಡೆಯವನೊಬ್ಬ ನಮ್ಮ ಅಂಗಳವನ್ನು ಎರಡು ಸಲ ಸುತ್ತು ಹಾಕಿದ. ನನಗೆ ಕೆಂಡದಂಥ ಕೋಪ ಬಂತು. ಏನೂ ಮಾಡದವರ ಮೇಲೆ ಹೀಗೆ ಅನುಮಾನ ಪಡಲು ಇವರಿಗೆ ನಾಚಿಕೆಯಾಗುವುದಿಲ್ಲವೇ ಎಂದು ಜೋರಾಗಿಯೇ ಕೂಗಿದೆ. ಹಿಂದಿನ ಮನೆಯ ಕಿಟಕಿ ತೆರೆದಿತ್ತು. ಅವಳಿಗೂ ಕೇಳಿಸಿರಬೇಕು.

ಎರಡು ತಿಂಗಳು ಹಿಡಿಯಿತು. ದೋಣಿಯನ್ನು ಕಲ್ಲುಗಳ ಮೇಲಿಟ್ಟು, ಅಡಿಗೆ ಪೇಪರ್ ಹಾಸಿ, ಒಳಗೆ ಬಿಂದಿಗೆಗಟ್ಟಲೆ ನೀರು ತುಂಬಿ ಒಂದು ಹಗಲು ಕಾದೆ. ಪೇಪರ್ ಒಣಗಿಯೇ ಇತ್ತು. ನನಗೆ ಈಜು ಬರುವುದಿಲ್ಲ. ಎರಡು ಖಾಲಿ ಎಣ್ಣೆ ಡಬ್ಬ ಬೆನ್ನಿಗೊಂದು ಎದೆಗೊಂದು ಕಟ್ಟಿಕೊಂಡು, ಒಂದು ವಾರ ದಡದ ಉದ್ದಕ್ಕೂ ಹುಟ್ಟು ಹಾಕುವುದನ್ನು ಕಲಿತೆ. ಎಂಟನೆಯ ದಿನ ಹಾಲು ಕರೆದು, ಕ್ಯಾನಿನ ಮುಚ್ಚಳವನ್ನು ನಾನೇ ಒತ್ತಿ, ಕಾಲುಗಳ ನಡುವೆ ಇಟ್ಟುಕೊಂಡು ಹೊರಟೆ. ಕಾಲು ಗಂಟೆಯಲ್ಲಿ ಆಚೆ ದಡ ಸೇರಿದೆ.

ಡೇರಿಯಲ್ಲಿ ಸಾಲು ನಿಂತಿತ್ತು. ಸಾಲಿನಲ್ಲಿ ಅವಳೂ ಇದ್ದಳು. ನಾನು ಬೇಕೆಂದೇ ಎಲ್ಲರಿಗೂ ಕಾಣುವ ಹಾಗೆ ಕ್ಯಾನನ್ನು ಮೇಜಿನ ಮೇಲಿಟ್ಟೆ. ಹಾಲು ಅಳೆಯುವವರು ಕಡ್ಡಿ ಬಿಟ್ಟು ಬಗ್ಗಿ ನೋಡಿದರು.

"ಇಪ್ಪತ್ನಾಲ್ಕು."

ಯಾರೋ ಕಿಸಕ್ಕನೆ ನಕ್ಕರು. "ದೋಣೀಲಿ ಬಂದ ಹಾಲಲ್ವಾ, ಕೆರೆ ನೀರು ತುಳುಕಿ ಒಳಗೆ ಹೋಗಿರತ್ತೆ ಬಿಡು!" ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ ಹಾಗಾಗಿತ್ತು ನನ್ನ ಸ್ಥಿತಿ. ಆದರೆ ಒಂದು ಹನಿಯೂ ಬಿದ್ದಿರಲಿಲ್ಲವೆಂದು ನನಗೆ ಗೊತ್ತಿತ್ತು. ಮುಚ್ಚಳ ಒತ್ತಿದ್ದೂ ನಾನೇ, ತೆರೆದದ್ದೂ ನಾನೇ.

ಅಳೆಯುವವರು ಮಾತ್ರ ನಗಲಿಲ್ಲ. "ಹಸುಗೆ ಏನ್ ಹಾಕ್ತಿದ್ದೀರಮ್ಮಾ?" ಎಂದು ಕೇಳಿದರು.

"ಈಗೊಂದಷ್ಟು ತಿಂಗಳಿಂದ ಕೆರೆ ಅಂಚಿನ ಹಸಿ ಹುಲ್ಲು. ಹೊಟ್ಟೆ ಬಿರಿಯಂಗೆ."

"ರಾಗಿ ಹುಲ್ಲು?"

"ಹಸೀದೇ ಸಿಗೋವಾಗ ಒಣಗಿದ್ದು ಯಾಕೆ ಸ್ವಾಮಿ?"

"ಅದೇ ಮತ್ತೆ. ಬರೀ ಎಳೇ ಹುಲ್ಲು ತಿಂದ್ರೆ ಹಾಲು ತೆಳ್ಳಗೆ ಬರತ್ತೆ. ಇದಕ್ಕೆ ಯಾರೂ ನೀರು ಹಾಕಿಲ್ಲಮ್ಮ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೂ ಹತ್ತು ಜನರ ಮುಂದೆ ಅಂದವಳು ಹತ್ತು ಜನರ ಮುಂದೆಯೇ ಕೇಳಬೇಕಲ್ಲವೇ? ಸಾಲಿನಲ್ಲಿದ್ದ ಅವಳ ಎದುರು ಹೋಗಿ, "ತಪ್ಪಾಯ್ತು ಕಣೇ, ನಂದೇ ತಪ್ಪು" ಅಂದೆ.

"ಆಯ್ತು ಬಿಡಕ್ಕಾ" ಅಂದಳು. ಹಾಲು ಹಾಕಿ ಮುಗಿಸಿ ನನ್ನ ಹಿಂದೆಯೇ ದಡಕ್ಕೆ ಬಂದಳು. ದೋಣಿಯ ಹೊಲಿಗೆಯ ಗುಂಟ ಬೆರಳಾಡಿಸಿದಳು.

"ಎಲ್ಲಾ ನೀನೇ ಹೊಲಿದ್ಯಾ?"

"ಹೂಂ."

"ಎಷ್ಟು ದಿನ ಹಿಡೀತು?"

"ಎರಡು ತಿಂಗಳು."

"ಎರಡು ತಿಂಗಳು ದಿನಾ ಕೂತು, ನಾನು ಕಳ್ಳಿ ಅಂತ ಹೊಲಿದ್ಯಾ ಅಕ್ಕಾ?"

ನಾನು ಬಗ್ಗಿ ಖಾಲಿ ಕ್ಯಾನನ್ನು ದೋಣಿಯೊಳಗಿಟ್ಟೆ. ಅವಳು ಮೊಪೆಡ್ ಹತ್ತಿ ಹೋದಳು.

ಈಗ ಹಸುಗಳಿಗೆ ರಾಗಿ ಹುಲ್ಲು ಬೆರೆಸಿ ಹಾಕುತ್ತೇನೆ, ಹಾಲು ಇಪ್ಪತ್ತೆಂಟಕ್ಕೆ ಬಂದಿದೆ. ಅವಳು ಎದುರಾದರೆ ನಗುತ್ತಾಳೆ, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾಳೆ, ರವಿಕೆಯನ್ನೂ ನನ್ನ ಹತ್ತಿರವೇ ಹೊಲಿಸುತ್ತಾಳೆ. ಮೊನ್ನೆ ಗಾಳಿ ಜೋರಾಗಿತ್ತು. ನೀರಿಗಿಳಿಯಲು ಹೆದರಿಕೆಯಾಗಿ, ಅವಳ ಬಾಗಿಲಿಗೆ ಹೋಗಿ, ಇವತ್ತೊಂದು ದಿನ ನನ್ನ ಕ್ಯಾನು ತೆಗೆದುಕೊಂಡು ಹೋಗುತ್ತೀಯಾ ಎಂದು ಕೇಳಿದೆ.

"ಬೇಡಕ್ಕಾ" ಅಂದಳು, ತುಂಬ ಮೆತ್ತಗೆ. "ನಿನ್ ದೋಣಿ ಇದ್ಯಲ್ಲಾ."